ಕುಂಡದ ಎಲೆ ಕುಂಡಕ್ಕೇ

ಅಂಗಳವಿಲ್ಲದ ಮನೆಯಲ್ಲೂ ಗಿಡದ ಕಸ ಗೊಬ್ಬರವಾಗುತ್ತದೆ. ಬೇಕಾದದ್ದು ಎರಡು ಬಕೆಟ್, ಒಂದು ಚೀಲ ತರಗೆಲೆ ಮತ್ತು ಅವಸರವಿಲ್ಲದ ಮನಸ್ಸು.

ಮನೆಯೊಳಗೆ ಗಿಡ ಸಾಕುವವರ ಕೈಯಲ್ಲಿ ವಾರಕ್ಕೊಮ್ಮೆ ಒಂದೆರಡು ಹಿಡಿ ಕಸ ಕೂಡುತ್ತದೆ. ಮನಿ ಪ್ಲಾಂಟಿನ ನಾಲ್ಕು ಹಳದಿ ಎಲೆ, ಅರೆಕಾ ಪಾಮಿನ ಒಣಗಿದ ಗರಿ, ಉದ್ದವಾಯಿತೆಂದು ಚಿವುಟಿದ ದೊಡ್ಡಪತ್ರೆಯ ಕುಡಿ, ದೇವರ ಪಟದಿಂದ ಇಳಿಸಿದ ನಿನ್ನೆಯ ಸೇವಂತಿಗೆ. ಆಗೊಮ್ಮೆ ಈಗೊಮ್ಮೆ ಬದುಕದೇ ಹೋದ ಒಂದು ಗಿಡ, ಅದರ ಬೇರಿಗೆ ಕಚ್ಚಿಕೊಂಡ ಮಣ್ಣು. ಹಿತ್ತಿಲಿದ್ದವರು ಇದನ್ನು ಬೇಲಿಯ ಮೂಲೆಗೆ ಹಾಕಿ ಮರೆತುಬಿಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಮಣ್ಣಾಗಿರುತ್ತದೆ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಅದಕ್ಕೆ ಮೂಲೆಯೆಂಬುದಿಲ್ಲ. ಹಸಿ ಕಸದ ಬುಟ್ಟಿ ಸೇರಿ, ಬೆಳಗಿನ ಆಟೊ ಹತ್ತಿ ಊರಾಚೆ ಹೋಗುತ್ತದೆ. ಅದೇ ವಾರ ನಾವು ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಎರೆಗೊಬ್ಬರದ ಪೊಟ್ಟಣ ತರುತ್ತೇವೆ.

ಗಿಡ ಕೊಟ್ಟಿದ್ದನ್ನು ಹೊರಗೆ ಕಳಿಸಿ, ಅಂಥದ್ದನ್ನೇ ಇನ್ನೊಂದು ರೂಪದಲ್ಲಿ ಕೊಂಡು ತರುವ ಈ ಓಡಾಟ ಬೇಕಾಗಿಲ್ಲ. ಗೊಬ್ಬರ ಮಾಡಲು ನೆಲ ಬೇಕೆಂದು ನಂಬಿದ್ದೇವೆ, ಆದ್ದರಿಂದ ಪ್ರಯತ್ನವನ್ನೇ ಮಾಡಿಲ್ಲ. ನಿಜಕ್ಕೂ, ಮನೆಯೊಳಗಿನ ಗಿಡದ ಕಸವೇ ಗೊಬ್ಬರದ ವಿದ್ಯೆಗೆ ಅತ್ಯಂತ ಸುಲಭದ ಮೊದಲ ಪಾಠ. ಅದರಲ್ಲಿ ಅನ್ನವಿಲ್ಲ, ಸಾರಿಲ್ಲ, ಎಣ್ಣೆಯಿಲ್ಲ. ಇಲಿ, ಹೆಗ್ಗಣ ಹುಡುಕಿಕೊಂಡು ಬರುವಂಥದ್ದು ಏನೂ ಇಲ್ಲ. ಅಡುಗೆಮನೆಯ ಕಸಕ್ಕೆ ಹೆದರಿ ಹಿಂದೆ ಸರಿದವರು ಎಲೆಯಿಂದ ಶುರು ಮಾಡಬಹುದು.

ತಿಪ್ಪೆಯ ನಾಡಿನ ಮಕ್ಕಳು

ಕೊಳೆತದ್ದು ಬೆಳೆಯುವುದಕ್ಕೆ ಆಹಾರ ಎಂಬುದನ್ನು ಈ ನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ದೀಪಾವಳಿಯ ದಿನ ತಿಪ್ಪೆಗೂ ಪೂಜೆ ಸಲ್ಲುತ್ತದೆ. ತಿಪ್ಪೆಯ ಮೇಲೆ ದೀಪ ಇಡುವ ಮನೆಗಳು ಇಂದಿಗೂ ಇವೆ. ಮಲೆನಾಡಿನಲ್ಲಿ ಬೇಸಿಗೆಯ ತರಗೆಲೆಯನ್ನೂ ಮಳೆಗಾಲದ ಹಸಿ ಸೊಪ್ಪನ್ನೂ ಕೊಟ್ಟಿಗೆಗೆ ಹಾಸಿ, ದನ ತುಳಿದ ಆ ಹಾಸನ್ನು ಗೊಬ್ಬರಗುಂಡಿಗೆ ಎಳೆದು, ಅಲ್ಲಿಂದ ಅಡಿಕೆ ಮರದ ಬುಡಕ್ಕೆ ಹೊರುವುದು ತಲೆಮಾರುಗಳ ಕೆಲಸ. ಉತ್ತರ ಕನ್ನಡದ ತೋಟಿಗರಿಗೆ ಸೊಪ್ಪಿನ ಬೆಟ್ಟದ ಹಕ್ಕು ಇರುವುದು ಇದಕ್ಕಾಗಿಯೇ. ತೋಟ ಉಳಿಯಬೇಕಾದರೆ ತೋಟಕ್ಕೆ ಎಲೆ ಬೇಕು ಎಂಬುದು ಅಲ್ಲಿ ಕಾನೂನಿಗೂ ಗೊತ್ತು.

ಈ ಹಳೆಯ ರೂಢಿಯನ್ನು ವಿಜ್ಞಾನದ ಅಳತೆಗೆ ತಂದ ಕೆಲಸವೂ ನಮ್ಮ ದೇಶದಲ್ಲೇ ನಡೆಯಿತು. ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿದ್ದರು. ಅಲ್ಲಿ ಯಶವಂತ ವಾಡ್ ಜೊತೆ ಸೇರಿ ಹೊಲದ ಕಸ, ಸಗಣಿ, ಮಣ್ಣು, ಬೂದಿಗಳನ್ನು ಪದರ ಪದರವಾಗಿ ಒಟ್ಟಿ, ಕಾಲಕಾಲಕ್ಕೆ ಮಗುಚಿ, ಮೂರು ತಿಂಗಳ ಹೊತ್ತಿಗೆ ಗೊಬ್ಬರ ತೆಗೆಯುವ ಕ್ರಮವನ್ನು ಗೊತ್ತುಪಡಿಸಿದರು. ಇಂದೋರ್ ಪದ್ಧತಿ ಎಂದು ಅದು ಜಗತ್ತನ್ನೆಲ್ಲ ಸುತ್ತಿತು. 1939ರಲ್ಲಿ ಸಿ.ಎನ್. ಆಚಾರ್ಯ ಬೆಂಗಳೂರಿನಲ್ಲಿ ಇನ್ನೊಂದು ದಾರಿ ತೋರಿಸಿದರು. ಊರಿನ ಕಸವನ್ನು ಗುಂಡಿಯಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಬಿಡುವುದು. ತಿಂಗಳುಗಳು ಹೆಚ್ಚು ಹಿಡಿದರೂ ಕೂಲಿ ಕಡಿಮೆ, ನೀರು ಕಡಿಮೆ. ಕೃಷಿ ಪಠ್ಯಗಳಲ್ಲಿ ಅದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು.

ಅದೇ ಬೆಂಗಳೂರು 2012ರಲ್ಲಿ ಕಸದ ರಾಶಿಗಳ ನಡುವೆ ಮೂಗು ಮುಚ್ಚಿಕೊಂಡು ನಿಂತಿತ್ತು. ಮಾವಳ್ಳಿಪುರದ ಕಸದ ತಾಣ ಮುಚ್ಚಿತು, ಲಾರಿಗಳು ಮಂಡೂರಿನ ಕಡೆ ತಿರುಗಿದವು. ನಮ್ಮೂರಿಗೆ ನಿಮ್ಮ ಕಸ ಬೇಡ ಎಂದು ಮಂಡೂರಿನ ಜನ ಬೀದಿಗಿಳಿದರು. ನೊಣ, ದುರ್ನಾತ, ಕೆಟ್ಟ ನೀರು ಅನುಭವಿಸಿದ ಆ ಹಳ್ಳಿಗಳ ಪ್ರತಿಭಟನೆಯ ಫಲವಾಗಿಯೇ ಹಸಿ ಕಸ, ಒಣ ಕಸ ಬೇರೆ ಮಾಡುವ ಶಿಸ್ತು ನಗರಕ್ಕೆ ಬಂತು. 2015ರಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ಕಡ್ಡಾಯ ಮಾಡಿತು. 2016ರ ಘನತ್ಯಾಜ್ಯ ನಿಯಮಗಳು ತೋಟದ ಕಸವನ್ನು ಮನೆಯ ಆವರಣದಲ್ಲೇ ಪ್ರತ್ಯೇಕವಾಗಿ ಇಡಬೇಕೆಂದವು. ಬೀದಿಗೆ ಎಸೆಯುವುದನ್ನೂ ಸುಡುವುದನ್ನೂ ನಿಷೇಧಿಸಿದವು. ನಮ್ಮ ಬಾಲ್ಕನಿಯ ನಾಲ್ಕೆಲೆ ಊರಿನ ಕಸದ ರಾಶಿಯಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಒಪ್ಪುತ್ತೇನೆ. ಆದರೆ ಗಾಳಿಯಾಡದ ಕಸದ ಗುಡ್ಡದ ಅಡಿಯಲ್ಲಿ ಅದೇ ಎಲೆ ಮೀಥೇನ್ ಅನಿಲವಾಗುತ್ತದೆ. ಗಾಳಿಯಾಡುವ ಬಕೆಟ್ಟಿನಲ್ಲಿ ಮಣ್ಣಾಗುತ್ತದೆ. ಯಾವ ದಾರಿ ಎಂಬುದನ್ನು ಅದನ್ನು ಕಿತ್ತ ಕೈಯೇ ತೀರ್ಮಾನಿಸುತ್ತದೆ.

ಸಣ್ಣ ಡಬ್ಬದ ಗುಣವೇ ಬೇರೆ

ಹೊಲದ ಗೊಬ್ಬರದ ರಾಶಿಯೊಳಗೆ ಕೈ ಹಾಕಿದವರಿಗೆ ಗೊತ್ತು, ಒಳಗೆ ಸುಡುವಷ್ಟು ಬಿಸಿ. ಸೂಕ್ಷ್ಮಜೀವಿಗಳು ಎಲೆ, ಕಡ್ಡಿಗಳನ್ನು ತಿಂದು ಕರಗಿಸುವಾಗ ಹೊರಡುವ ಶಾಖ ಅದು. 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವ ಆ ಬಿಸಿಯಲ್ಲಿ ಕಳೆಯ ಬೀಜ ಸಾಯುತ್ತದೆ, ರೋಗಾಣು ಸಾಯುತ್ತದೆ, ಹುಳದ ಮೊಟ್ಟೆ ಸಾಯುತ್ತದೆ. ಆದರೆ ಅಷ್ಟು ಬಿಸಿಯನ್ನು ಒಳಗೇ ಹಿಡಿದಿಡಲು ರಾಶಿ ಸುಮಾರು ಒಂದು ಘನ ಮೀಟರ್‌ನಷ್ಟಾದರೂ ಇರಬೇಕು. ಅಂದರೆ ಸಾವಿರ ಲೀಟರ್. ನಮ್ಮ ಮನೆಯ ಬಕೆಟ್ 20 ಲೀಟರ್. ಹುಟ್ಟಿದ ಶಾಖವೆಲ್ಲ ಪಕ್ಕದ ಗೋಡೆಯಿಂದ ಆರಿಹೋಗುತ್ತದೆ.

ಹೀಗಾಗಿ ಸಣ್ಣ ಮನೆಯ ಗೊಬ್ಬರ ಎಂದರೆ ದೊಡ್ಡ ರಾಶಿಯ ಚಿಕ್ಕ ಪ್ರತಿಯಲ್ಲ, ಅದರ ನಡೆಯೇ ಬೇರೆ. ಇಲ್ಲಿ ಕೆಲಸ ತಣ್ಣಗೆ, ನಿಧಾನವಾಗಿ ನಡೆಯುತ್ತದೆ. ಶಿಲೀಂಧ್ರಗಳು, ಬ್ಯಾಕ್ಟೀರಿಯಾಗಳು, ಬರಿಗಣ್ಣಿಗೆ ಕಂಡೂ ಕಾಣದ ನುಸಿಗಳು ಮನೆಯ ಸಾಮಾನ್ಯ ತಾಪದಲ್ಲೇ ಎಲೆಯನ್ನು ಬಿಡಿಸುತ್ತವೆ. ಇದರಿಂದ ಎರಡು ಪಾಠ. ರೋಗ ಹಿಡಿದದ್ದನ್ನು, ಬೀಜ ಕಟ್ಟಿದ ಕಳೆಯನ್ನು ಡಬ್ಬಕ್ಕೆ ಹಾಕಬಾರದು, ಏಕೆಂದರೆ ಅವನ್ನು ಕೊಲ್ಲುವ ಬಿಸಿ ಅಲ್ಲಿಲ್ಲ. ಎರಡನೆಯದು, ದೊಡ್ಡದಾಗಿ ಹಾಕಿದರೆ ತಿಂಗಳುಗಟ್ಟಲೆ ಹಾಗೆಯೇ ಕೂತಿರುತ್ತದೆ. ಬಿಸಿ ಮಾಡುವ ಕೆಲಸವನ್ನು ಇಲ್ಲಿ ಕತ್ತರಿ ಮಾಡಬೇಕು. ಬೆರಳ ಗೆಣ್ಣಿನಷ್ಟು ಚೂರು ಮಾಡಿದರೆ ಸೂಕ್ಷ್ಮಜೀವಿಗಳಿಗೆ ಬಾಯಿ ಹಾಕಲು ಜಾಗ ಹೆಚ್ಚುತ್ತದೆ.

ಹವೆಯೂ ನಮ್ಮ ಪರವಾಗಿಯೇ ಇದೆ. ಚಳಿ ದೇಶಗಳಲ್ಲಿ ಬಾಲ್ಕನಿಯ ಗೊಬ್ಬರ ನಾಲ್ಕಾರು ತಿಂಗಳು ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಡಬ್ಬದೊಳಗೆ ಕೆಲಸ ನಡೆಯುತ್ತಿರುತ್ತದೆ. ಮಂಗಳೂರಿನವರು ಮಳೆಗಾಲದಲ್ಲಿ ಒಣ ಪದಾರ್ಥ ಹೆಚ್ಚು ಹಾಕಬೇಕು. ಕಲಬುರಗಿ, ವಿಜಯಪುರದವರು ಬೇಸಿಗೆಯಲ್ಲಿ ನೀರು ಚಿಮುಕಿಸುತ್ತಿರಬೇಕು. ವ್ಯತ್ಯಾಸ ಇಷ್ಟೇ.

ಎಲೆಯ ಲೆಕ್ಕ

ಗೊಬ್ಬರ ಮಾಡುವವರು ಪದೇ ಪದೇ ಹೇಳುವ ಮಾತು ಇಂಗಾಲ ಮತ್ತು ಸಾರಜನಕದ ಹದ. ಸೂಕ್ಷ್ಮಜೀವಿಗಳಿಗೆ ಇಂಗಾಲ ಶಕ್ತಿ ಕೊಡುತ್ತದೆ, ಸಾರಜನಕ ಮೈ ಕಟ್ಟಲು ಬೇಕು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇದ್ದಾಗ ಕೆಲಸ ಸರಾಗ. ಹಸಿರು ಚಿಗುರು, ಹೂವು, ಕಾಫಿ ಚರಟ ಇವೆಲ್ಲ ಸಾರಜನಕದ ಪಕ್ಷ. ತರಗೆಲೆ, ಒಣ ಕಡ್ಡಿ, ತೆಂಗಿನ ನಾರಿನ ಪುಡಿ, ಹರಿದ ರಟ್ಟು ಇಂಗಾಲದ ಪಕ್ಷ. ಅಡುಗೆಮನೆಯ ಕಸದಲ್ಲಿ ಹಸಿಯೇ ಹೆಚ್ಚು, ಅದಕ್ಕೇ ಅದು ಬೇಗ ನಾರುತ್ತದೆ.

ಕುಂಡದ ಗಿಡದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ತಾನಾಗಿ ಹಳದಿಯಾಗಿ ಬಿದ್ದ ಎಲೆ ಮತ್ತು ನಾವು ಕತ್ತರಿಸಿದ ಹಸಿರು ಎಲೆ ಒಂದೇ ಅಲ್ಲ. ಹಳೆಯ ಎಲೆಯನ್ನು ಬಿಟ್ಟುಕೊಡುವ ಮೊದಲು ಗಿಡ ಅದರಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್‌ಗಳ ದೊಡ್ಡ ಪಾಲನ್ನು ಹಿಂದಕ್ಕೆ ಎಳೆದುಕೊಂಡು ಹೊಸ ಚಿಗುರಿಗೆ ಕಳಿಸಿರುತ್ತದೆ. ಎಲೆ ಹಳದಿಯಾಗುವುದರ ಹಿಂದೆ ಈ ವಾಪಸಾತಿಯೂ ಇದೆ. ಉಳಿಯುವುದು ಹೆಚ್ಚಾಗಿ ಇಂಗಾಲ, ಕ್ಯಾಲ್ಸಿಯಂ. ಹಾಗಾಗಿ ಉದುರಿದ ಹಳದಿ ಎಲೆ ಮುಟ್ಟಲು ಮೆತ್ತಗಿದ್ದರೂ ಲೆಕ್ಕದಲ್ಲಿ ಒಣ ಪಕ್ಷಕ್ಕೆ ಹತ್ತಿರ. ಬರೀ ಉದುರೆಲೆ ತುಂಬಿದ ಡಬ್ಬ ತಿಂಗಳಾದರೂ ಕದಲದಿದ್ದರೆ ಇದೇ ಕಾರಣ. ಅದಕ್ಕೆ ಎರಡು ದಿನಕ್ಕೊಮ್ಮೆ ಫಿಲ್ಟರಿನ ಕಾಫಿ ಚರಟವನ್ನೋ ಸೋಸಿದ ಚಹಾ ಸೊಪ್ಪನ್ನೋ ತೊಳೆದು ಹಿಂಡಿ ಸೇರಿಸಿದರೆ ಜೀವ ಬರುತ್ತದೆ. ಪೂಜೆಯ ಹೂವೂ ಅದೇ ಕೆಲಸ ಮಾಡುತ್ತದೆ.

ಹೂವಿನ ಮಾತು ಬಂದಿತೆಂದು ಹೇಳುತ್ತಿದ್ದೇನೆ. ನಿರ್ಮಾಲ್ಯವನ್ನು ಕಸದ ಬುಟ್ಟಿಗೆ ಹಾಕಲು ನಮ್ಮಲ್ಲಿ ಅನೇಕರಿಗೆ ಮನಸ್ಸು ಬಾರದು. ಕೆರೆಗೋ ಕಾಲುವೆಗೋ ಹಾಕಿ ನೀರು ಕೆಡಿಸುತ್ತೇವೆ. ತುಳಿಯದ ಜಾಗದಲ್ಲಿ, ಗಿಡದ ಬುಡದಲ್ಲಿ ಇಡಬೇಕೆಂಬ ಹಿರಿಯರ ಮಾತಿಗೆ ಈ ಬಕೆಟ್ ಸರಿಯಾದ ಉತ್ತರ. ದಾರ ಬಿಚ್ಚಿ, ಪ್ಲಾಸ್ಟಿಕ್ ಜರಿ ತೆಗೆದು, ಎಸಳು ಬಿಡಿಸಿ ಹಾಕಿದರೆ ದೇವರ ಹೂವು ತುಳಸಿಯ ಕುಂಡಕ್ಕೆ ಗೊಬ್ಬರವಾಗಿ ಹಿಂತಿರುಗುತ್ತದೆ. ಒಣಗಿಹೋದ ತುಳಸಿಗೂ ಇದಕ್ಕಿಂತ ಮರ್ಯಾದೆಯ ಬೀಳ್ಕೊಡುಗೆ ನನಗೆ ತೋಚದು.

ಎರಡು ಬಕೆಟ್, ಒಂದು ಚೀಲ

ವಿಧಾನ ಸರಳ. ಮುಚ್ಚಳವಿರುವ ಎರಡು ಬಕೆಟ್ ಬೇಕು. ಚೆನ್ನಾಗಿ ತೊಳೆದ ಹಳೆಯ ಪೇಂಟ್ ಡಬ್ಬವೂ ಆಗುತ್ತದೆ. ಪಕ್ಕದಲ್ಲೂ ತಳದಲ್ಲೂ ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಪೆನ್ಸಿಲ್ ಗಾತ್ರದ ತೂತುಗಳನ್ನು ಮಾಡಿ. ಕೆಲವರಿಗೆ ಮಣ್ಣಿನ ಮಡಕೆ ಇಷ್ಟ. ಮಡಕೆಯ ಮೈಯೇ ಉಸಿರಾಡುವುದರಿಂದ ಒಳಗಿನ ತೇವ ಹದವಾಗಿರುತ್ತದೆ. ಬೆಂಗಳೂರಿನ ವಿನ್ಯಾಸಕಿ ಪೂನಂ ಬೀರ್ ಕಸ್ತೂರಿ 2006ರಲ್ಲಿ ಡೈಲಿ ಡಂಪ್ ಶುರು ಮಾಡಿ, ಒಂದರ ಮೇಲೊಂದು ಕೂರುವ ಮಡಕೆಗಳ ‘ಕಂಬ’ವನ್ನು ಮನೆಗಳಿಗೆ ತಲುಪಿಸಿದ್ದು ಮಣ್ಣಿನ ಈ ಗುಣವನ್ನು ನೆಚ್ಚಿಕೊಂಡೇ. ಕೊಳ್ಳುವ ಮೊದಲು ಕಣ್ಣಾರೆ ನೋಡಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಬಗೆಬಗೆಯ ಸಾಧನಗಳನ್ನು ಒಂದೇ ಕಡೆ ಇಟ್ಟಿದ್ದಾರೆ.

ಬಕೆಟ್ಟಿನ ತಳಕ್ಕೆ ಎರಡಂಗುಲ ಒಣ ಕಡ್ಡಿ, ತೆಂಗಿನ ನಾರು. ನೀರು ಬಸಿಯಲು, ಗಾಳಿ ಒಳಬರಲು ಅದು ಬೇಕು. ಮೇಲೆ ಒಂದು ಹಿಡಿ ಹಳೆಯ ಗೊಬ್ಬರ, ಇಲ್ಲವೇ ಯಾವುದಾದರೂ ಮರದ ಬುಡದ ಮಣ್ಣು. ಹೆಪ್ಪು ಹಾಕಿದಂತೆ ಇದರಿಂದಲೇ ಸೂಕ್ಷ್ಮಜೀವಿಗಳು ಹರಡುತ್ತವೆ. ಆಮೇಲೆ ಒಂದು ಹಿಡಿ ಹಸಿರಿಗೆ ಎರಡು ಹಿಡಿ ತರಗೆಲೆಯ ಲೆಕ್ಕದಲ್ಲಿ ಹಾಕುತ್ತ ಹೋಗಿ. ಕೊನೆಯ ಪದರ ಯಾವಾಗಲೂ ಒಣಗಿದ್ದೇ ಇರಲಿ. ಕೆಲಸ ಚುರುಕಾಗಬೇಕೆಂದರೆ ಸಗಣಿ ಬಗ್ಗಡವನ್ನೋ ನೀರು ಬೆರೆಸಿದ ಹುಳಿ ಮಜ್ಜಿಗೆಯನ್ನೋ ಒಂದು ಲೋಟ ಚಿಮುಕಿಸುವವರಿದ್ದಾರೆ. ಎರಡೂ ಒಳ್ಳೆಯದೇ, ಎರಡೂ ಇಲ್ಲದಿದ್ದರೂ ಗೊಬ್ಬರ ಆಗಿಯೇ ಆಗುತ್ತದೆ.

ತೇವ ಎಷ್ಟಿರಬೇಕು? ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಸೇರಿಸಿ. ಮುಷ್ಟಿ ಬಿಚ್ಚಿದೊಡನೆ ಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ ಗಾಳಿಯಾಡಿಸಿ. ಮೊದಲ ಬಕೆಟ್ ತುಂಬಿದ ಮೇಲೆ ಮುಚ್ಚಿ ಬದಿಗಿಡಿ, ಎರಡನೆಯದನ್ನು ತುಂಬಲು ಶುರು ಮಾಡಿ. ಗಿಡದ ಕಸ ಕಡಿಮೆ ಇರುವ ಮನೆಯಲ್ಲಿ ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದು ಹಣ್ಣಾಗಿರುತ್ತದೆ. ಮೆತ್ತನೆಯ ಎಲೆಗೆ ಮೂರು ನಾಲ್ಕು ತಿಂಗಳು ಸಾಕು. ಪಾಮಿನ ಗರಿ, ಸ್ನೇಕ್ ಪ್ಲಾಂಟಿನ ನಾರೆಲೆ, ರಬ್ಬರ್ ಗಿಡದ ದಪ್ಪ ಎಲೆಗಳಿಗೆ ಇನ್ನೂ ಕಾಲ ಬೇಕು. ಕರಗದೆ ಉಳಿದದ್ದನ್ನು ಜರಡಿ ಹಿಡಿದು ಮುಂದಿನ ಬಕೆಟ್ಟಿನ ತಳಕ್ಕೆ ಹಾಕಿದರೆ ಆಯಿತು.

ಇನ್ನು ಚೀಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ, ಮಳೆಮರ, ಅರಳಿ ಒಂದಾದ ಮೇಲೊಂದು ಎಲೆ ಉದುರಿಸುತ್ತವೆ. ಗುಡಿಸಿ ಗುಡ್ಡೆ ಹಾಕಿದ ಆ ಎಲೆಗೆ ಎಷ್ಟೋ ಕಡೆ ಬೆಂಕಿ ಬೀಳುತ್ತದೆ. ಗುಡ್ಡೆಯಿಂದ ಒಂದು ಚೀಲ ಕೇಳಿ ತಂದಿಟ್ಟುಕೊಂಡರೆ ವರ್ಷದ ಒಣ ಪದಾರ್ಥ ಮನೆಗೆ ಬಂದಂತೆ. ಹೊಂಗೆ ಎಲೆ ತೆಳ್ಳಗಿದ್ದು ಬೇಗ ಕರಗುತ್ತದೆ. ಇನ್ನೊಂದು ಚೀಲ ತಂದು, ನೀರಲ್ಲಿ ನೆನೆಸಿ, ಬಾಯಿ ಕಟ್ಟಿ, ಗಾಳಿಯಾಡಲು ನಾಲ್ಕು ತೂತು ಮಾಡಿ ಬಾಲ್ಕನಿಯ ನೆರಳಲ್ಲಿ ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಎಲೆಮಣ್ಣು ಸಿದ್ಧ. ಅದರಲ್ಲಿ ಪೋಷಕಾಂಶ ಕಡಿಮೆ, ಆದರೆ ನೀರು ಹಿಡಿದಿಡುವ ಗುಣ ಅಪಾರ. ಫರ್ನ್, ಬಿಗೋನಿಯಾ, ಪೀಸ್ ಲಿಲಿಗಳ ಬೇರಿಗೆ ಅದು ಬಲು ಹಿತ.

ಡಾರ್ವಿನ್ ಕೋಣೆಯ ಎರೆಹುಳು

ಮನೆಯೊಳಗೆ ಎರೆಹುಳು ಸಾಕುವುದೇ ಎಂದು ಮುಖ ಸಿಂಡರಿಸುವವರು ಚಾರ್ಲ್ಸ್ ಡಾರ್ವಿನ್ ಮನೆಯನ್ನು ನೆನೆಯಬೇಕು. 1881ರಲ್ಲಿ ಪ್ರಕಟವಾದ ಅವರ ಕೊನೆಯ ಪುಸ್ತಕದ ವಸ್ತು ಎರೆಹುಳು. ಅದಕ್ಕಾಗಿ ಅವರು ಮಣ್ಣು ತುಂಬಿದ ಕುಂಡಗಳಲ್ಲಿ ಹುಳುಗಳನ್ನು ತಮ್ಮ ಓದುವ ಕೋಣೆಯಲ್ಲೇ ಸಾಕಿದ್ದರು. ಅವಕ್ಕೆ ಯಾವ ಎಲೆ ಇಷ್ಟ, ಯಾವುದು ಬೇಡ ಎಂದು ಬಗೆಬಗೆಯ ಎಲೆ ಕೊಟ್ಟು ನೋಡಿದರು. ಎಲೆಯನ್ನು ಯಾವ ತುದಿಯಿಂದ ಹಿಡಿದು ಬಿಲದೊಳಕ್ಕೆ ಎಳೆಯುತ್ತವೆ ಎಂದು ತ್ರಿಕೋನದ ಕಾಗದದ ಚೂರುಗಳನ್ನಿಟ್ಟು ಪರೀಕ್ಷಿಸಿದರು. ಸೀಟಿ, ಬಸೂನ್ ವಾದ್ಯ ಯಾವುದಕ್ಕೂ ಕದಲದ ಹುಳುಗಳು, ಕುಂಡವನ್ನು ಪಿಯಾನೊ ಮೇಲಿಟ್ಟು ಸ್ವರ ನುಡಿಸಿದಾಗ ಆ ಕಂಪನಕ್ಕೆ ಬಿಲ ಸೇರಿಕೊಂಡವು. ಅಂಗಳವಿಲ್ಲದ ಜಾಗದಲ್ಲಿ, ಕೋಣೆಯ ಕುಂಡದಲ್ಲಿ ಎಲೆ ಮಣ್ಣಾಗುವುದನ್ನು ಅಷ್ಟು ಪ್ರೀತಿಯಿಂದ ನೋಡಿದವರು ಅವರು.

ಕರ್ನಾಟಕದಲ್ಲಿ ಈ ಕೆಲಸವನ್ನು ಬಹು ಕಾಲ ಮುಂದುವರಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ. ಎರೆಗೊಬ್ಬರ ಇಂದು ರೈತರ ಬಾಯಲ್ಲಿ ದಿನಬಳಕೆಯ ಮಾತಾಗಿದ್ದರೆ ಅದರ ಹಿಂದೆ ಇಂಥ ಸಂಶೋಧಕರ ದುಡಿಮೆ ಇದೆ. ಮನೆಯ ಡಬ್ಬಕ್ಕೆ ಬೇಕಾದದ್ದು ನೆಲವನ್ನು ಆಳಕ್ಕೆ ಕೊರೆಯುವ ಹುಳುವಲ್ಲ, ಮೇಲ್ಪದರದ ಕೊಳೆಯುವ ಎಲೆಯನ್ನೇ ತಿಂದು ಬದುಕುವ ಜಾತಿ. ಎರೆಗೊಬ್ಬರ ಮಾಡುವವರ ಬಳಿ ಸಾಮಾನ್ಯವಾಗಿ ಸಿಗುವುದು ಅವೇ. ಅಗಲವಾದ, ಆಳ ಕಡಿಮೆಯ ಡಬ್ಬ, ನೆನೆಸಿದ ತೆಂಗಿನ ನಾರಿನ ಪುಡಿಯ ಹಾಸಿಗೆ, ಅರೆಕೊಳೆತ ಎಲೆ, ಕತ್ತಲೆ, ನೆರಳು ಇಷ್ಟಿದ್ದರೆ ಅವು ನೆಮ್ಮದಿಯಾಗಿರುತ್ತವೆ. ನೇರ ಬಿಸಿಲು ಬೀಳುವ ಬಾಲ್ಕನಿ ಬೇಡ. ಬಟ್ಟೆ ಒಗೆಯುವ ಯುಟಿಲಿಟಿಯ ತಂಪು ಮೂಲೆ ಒಳ್ಳೆಯದು. ಹುಳು ಸಾಕುವ ಡಬ್ಬಕ್ಕೆ ಮಾತ್ರ ಕೀಟನಾಶಕ ಸಿಂಪಡಿಸಿದ ಗಿಡದ ಎಲೆ ಬೀಳದಂತೆ ಎಚ್ಚರ ವಹಿಸಬೇಕು. ನರ್ಸರಿಯಿಂದ ತಂದ ಹೊಸ ಗಿಡದ ಎಲೆಯನ್ನು ಮೊದಲ ಕೆಲವು ತಿಂಗಳು ಅದಕ್ಕೆ ಹಾಕದಿರುವುದೇ ಲೇಸು.

ಡಬ್ಬಕ್ಕೆ ಬೇಡವಾದವು

ಹಿಟ್ಟು ತಿಗಣೆ ಹತ್ತಿದ ದಾಸವಾಳ, ಶಲ್ಕ ಕೀಟ ಅಂಟಿದ ಕಾಂಡ, ನುಸಿ ಹಿಡಿದ ಎಲೆ, ಬೇರು ಕೊಳೆತು ಸತ್ತ ಗಿಡ ಇವನ್ನು ಬಕೆಟ್ಟಿಗೆ ಹಾಕಬೇಡಿ. ಮೊದಲೇ ಹೇಳಿದಂತೆ ತಣ್ಣನೆಯ ಗೊಬ್ಬರ ಅವನ್ನು ಕೊಲ್ಲುವುದಿಲ್ಲ. ಒಂದು ಗಿಡದ ಕಾಯಿಲೆ ಗೊಬ್ಬರದ ರೂಪದಲ್ಲಿ ಮನೆಯ ಎಲ್ಲ ಕುಂಡಗಳಿಗೂ ಹಂಚಿಕೆಯಾಗುತ್ತದೆ. ಅವನ್ನು ಕಟ್ಟಿ ಹಸಿ ಕಸಕ್ಕೆ ಕೊಟ್ಟುಬಿಡುವುದೇ ಸರಿ. ದೊಡ್ಡ ಪ್ರಮಾಣದಲ್ಲಿ ಬಿಸಿ ಗೊಬ್ಬರ ಮಾಡುವಲ್ಲಿ ಅವು ಸಾಯುತ್ತವೆ.

ಬದುಕುವ ಹಠವುಳ್ಳ ಗಿಡಗಳದ್ದು ಇನ್ನೊಂದು ಕತೆ. ಮನಿ ಪ್ಲಾಂಟಿನ ಒಂದು ಗೆಣ್ಣು, ಜೇಡ್ ಗಿಡದ ಒಂದು ಎಲೆ, ಟ್ರೇಡೆಸ್ಕ್ಯಾಂಶಿಯಾದ ಒಂದು ತುಂಡು ಸಿಕ್ಕರೆ ಸಾಕು, ಬಕೆಟ್ಟಿನ ತೇವದಲ್ಲಿ ಬೇರು ಬಿಟ್ಟು ಚಿಗುರುತ್ತವೆ. ಇಂಥವನ್ನು ಹೆಂಚಿನ ಮೇಲೋ ಕಿಟಕಿಯ ಗ್ರಿಲ್ ಮೇಲೋ ಹರಡಿ ಬಿಸಿಲಲ್ಲಿ ಗರಿಗರಿ ಒಣಗಿಸಿದ ಮೇಲಷ್ಟೇ ಹಾಕಬೇಕು. ಕೈಯ ಬಗ್ಗೆಯೂ ಎಚ್ಚರ ಇರಲಿ. ಮನಿ ಪ್ಲಾಂಟ್, ಡಿಫೆನ್‌ಬೇಕಿಯಾ, ಸಿಂಗೋನಿಯಂ ಇವೆಲ್ಲ ನಮ್ಮ ಕೆಸುವಿನ, ಸುವರ್ಣಗಡ್ಡೆಯ ಕುಟುಂಬಕ್ಕೇ ಸೇರಿದವು. ಕೆಸು ಹೆಚ್ಚುವಾಗ ಕೈ ತುರಿಸುವುದು ಸೂಜಿಯಂಥ ಹರಳುಗಳಿಂದ. ಅದೇ ಹರಳು ಇವುಗಳಲ್ಲೂ ಇದೆ. ಕೈಗವಸು ಹಾಕಿ ಕತ್ತರಿಸಿ, ಮಕ್ಕಳ ಕೈಗೆ ಕೊಡಬೇಡಿ. ಹಾಲು ಸುರಿಸುವ ಯುಫೋರ್ಬಿಯಾಕ್ಕೂ ಇದೇ ಮಾತು.

ಹಳೆಯ ಮಣ್ಣನ್ನು ಏನು ಮಾಡುವುದು?

ಗಿಡ ಸತ್ತ ಮೇಲೆ ಉಳಿಯುವ ಮಣ್ಣೇ ಸಣ್ಣ ಮನೆಯ ನಿಜವಾದ ತೊಡಕು. ಕಸದ ಆಟೊಗೆ ಅದನ್ನು ಕೊಡುವಂತಿಲ್ಲ. ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ. ಬಹಳ ಜನ ರಾತ್ರಿ ಹೊತ್ತು ಬೀದಿಯ ಮೂಲೆಗೆ ಸುರಿದು ಬರುತ್ತಾರೆ. ಆದರೆ ಆ ಮಣ್ಣು ಸತ್ತಿಲ್ಲ, ಸೊರಗಿದೆ ಅಷ್ಟೇ. ಕುಂಡದ ಮಣ್ಣಿಗೆ ದಿನವೂ ನೀರು ಹಾಕುತ್ತೇವೆ, ಪ್ರತಿ ಸಲವೂ ಕರಗುವ ಪೋಷಕಾಂಶ ತಳದ ತೂತಿನಿಂದ ಇಳಿದುಹೋಗುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಮೇಲ್ಮೈಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ.

ಬೇರುಗಳನ್ನು ಜಾಡಿಸಿ ತೆಗೆಯಿರಿ. ರೋಗವಿಲ್ಲದ ಬೇರು ಕತ್ತರಿಸಿ ಬಕೆಟ್ಟಿಗೆ. ಉಪ್ಪು ಕಟ್ಟಿದ ಮೇಲ್ಪದರವನ್ನು ಕೆರೆದು ಹಾಕಿ. ಉಳಿದ ಮಣ್ಣನ್ನು ಒಮ್ಮೆ ಧಾರಾಳ ನೀರಿನಲ್ಲಿ ತೊಳೆದು ಬಸಿಯಲು ಬಿಡಿ. ಹುಳುವಿನ ಅನುಮಾನ ಇದ್ದರೆ ತೇವವಿರುವಾಗಲೇ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿ, ಬಾಯಿ ಕಟ್ಟಿ, ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಕೆಲವು ವಾರ ಇಡಿ. ಬಳಿಕ ಮೂರು ಪಾಲು ಹಳೆಯ ಮಣ್ಣಿಗೆ ಒಂದು ಪಾಲು ನಿಮ್ಮದೇ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಹೊಸ ಗಿಡಕ್ಕೆ ಹಳೆಯ ಮನೆಯೇ ಸಜ್ಜಾಯಿತು. ಬಕೆಟ್ಟಿನಲ್ಲಿ ಹಸಿ ಎಲೆ ಮುಚ್ಚಲು ಒಣ ಪದಾರ್ಥ ಇಲ್ಲದಾಗಲೂ ಈ ಮಣ್ಣು ಒದಗುತ್ತದೆ.

ಮೂಗು ಹೇಳುವುದನ್ನು ಕೇಳಿ

ಸಣ್ಣ ಮನೆಯಲ್ಲಿ ಗೊಬ್ಬರ ಮಾಡುವವರಿಗೆ ಮನೆಮಂದಿಯ ಒಪ್ಪಿಗೆ ಮೊದಲ ಅಗತ್ಯ, ಕೆಳಗಿನ ಮನೆಯವರ ಒಪ್ಪಿಗೆ ಎರಡನೆಯದು. ಎರಡನ್ನೂ ಉಳಿಸಿಕೊಳ್ಳುವ ಉಪಾಯ ಮೂಗು ಹೇಳುವುದನ್ನು ತಕ್ಷಣ ಕೇಳುವುದು. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ನೀರು ಹೆಚ್ಚಾಗಿ ಗಾಳಿ ನಿಂತಿದೆ ಎಂದರ್ಥ. ಕೆದಕಿ, ತರಗೆಲೆ ಸೇರಿಸಿ, ಮುಚ್ಚಳ ಒಂದು ದಿನ ತೆರೆದಿಡಿ. ಮೂಗು ಚುಚ್ಚುವ ಅಮೋನಿಯಾ ವಾಸನೆ ಬಂದರೆ ಹಸಿರು ಹೆಚ್ಚಾಗಿದೆ. ಮದ್ದು ಅದೇ ತರಗೆಲೆ. ಬಿಳಿ ಬೂಸ್ಟು ಕಂಡರೆ ಗಾಬರಿ ಬೇಡ, ಒಣ ಎಲೆಯನ್ನು ಬಿಡಿಸುವ ಶಿಲೀಂಧ್ರ ಅದು, ಕೆಲಸ ಸಾಗುತ್ತಿರುವ ಗುರುತು.

ಕುಂಡಗಳ ಸುತ್ತ ಹಾರಾಡುವ ಪುಟ್ಟ ಕಪ್ಪು ನೊಣಗಳು ಮನೆಯೊಳಗಿನ ಗಿಡದವರಿಗೆಲ್ಲ ಪರಿಚಿತ. ಅವುಗಳ ಮರಿಹುಳು ತೇವದ ಮಣ್ಣಿನ ಶಿಲೀಂಧ್ರವನ್ನು ತಿಂದು ಬೆಳೆಯುತ್ತದೆ. ಹಸಿ ಎಲೆಯನ್ನು ನೇರವಾಗಿ ಕುಂಡದ ಮಣ್ಣಿನ ಮೇಲೆ ಉದುರಿಸಬಾರದೆನ್ನುವುದು ಇದಕ್ಕೇ. ಬಕೆಟ್ಟಿನ ಮೇಲ್ಪದರ ಒಣಗಿದ್ದಷ್ಟೂ ಅವು ದೂರ. ಮಳೆಗಾಲದಲ್ಲಿ ದಪ್ಪ ಬೂದು ಬಣ್ಣದ ಹುಳುಗಳು ಕಂಡರೆ ಅವು ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಹಸಿ ಕಸವನ್ನು ಬಲು ಬೇಗ ಮುಗಿಸುತ್ತವೆ. ಬಕೆಟ್ಟನ್ನು ಇಟ್ಟಿಗೆ ಚೂರುಗಳ ಮೇಲೆ ಕೂರಿಸಿ, ಕೆಳಗೆ ಒಂದು ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿ ಹರಡಿದರೆ ಕೆಳಗಿನ ಮನೆಯ ಒಣಹಾಕಿದ ಬಟ್ಟೆಯ ಮೇಲೆ ಒಂದು ಹನಿಯೂ ಬೀಳದು.

ಹಣ್ಣಾಯಿತೇ?

ಹದವಾದ ಗೊಬ್ಬರ ಕಡುಗಂದು, ಪುಡಿಪುಡಿ. ಯಾವ ಎಲೆ ಯಾವುದೆಂದು ಗುರುತು ಸಿಗಬಾರದು. ಮೊದಲ ಮಳೆ ಬಿದ್ದ ನೆಲದ ವಾಸನೆ ಬರಬೇಕು. ಮಣ್ಣಿನ ಆಕ್ಟಿನೊಮೈಸೀಟ್ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನ ಪರಿಮಳ ಅದು. ಆದರೂ ಅನುಮಾನವಿದ್ದರೆ ಮೆಂತ್ಯೆಯನ್ನು ಕೇಳಿ. ಒಂದು ತಟ್ಟೆಯಲ್ಲಿ ಗೊಬ್ಬರ, ಇನ್ನೊಂದರಲ್ಲಿ ಸಾಮಾನ್ಯ ಮಣ್ಣು ಹರಡಿ ಎರಡಕ್ಕೂ ಒಂದೇ ಲೆಕ್ಕದಲ್ಲಿ ಮೆಂತ್ಯೆ ಹಾಕಿ. ಗೊಬ್ಬರದಲ್ಲೂ ಅಷ್ಟೇ ಚೆನ್ನಾಗಿ ಮೊಳೆತರೆ ಹಣ್ಣಾಗಿದೆ. ಮೊಳಕೆ ಕಪ್ಪಾಗಿ ಮುರುಟಿದರೆ ಇನ್ನೊಂದು ತಿಂಗಳು ಮುಚ್ಚಿಡಿ. ಅರೆಬೆಂದ ಗೊಬ್ಬರವನ್ನು ಕುಂಡಕ್ಕೆ ಹಾಕಿದರೆ ಸೂಕ್ಷ್ಮಜೀವಿಗಳು ತಮ್ಮ ಕೆಲಸ ಮುಗಿಸಲು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ.

ಬಳಸುವಾಗ ಕೈ ಬಿಗಿಯಿರಲಿ. ಕುಂಡದ ಮೇಲ್ಮಣ್ಣನ್ನು ಸ್ವಲ್ಪ ಕೆದಕಿ, ಅರ್ಧ ಅಂಗುಲದಷ್ಟು ಗೊಬ್ಬರ ಹರಡಿ ನೀರು ಹಾಕಿದರೆ ಸಾಕು. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಒಮ್ಮೆ, ದಸರೆ ಕಳೆದ ಮೇಲೆ ಒಮ್ಮೆ. ಕಳ್ಳಿ, ಜೇಡ್‌ನಂಥ ರಸಭರಿತ ಗಿಡಗಳಿಗೆ ಇನ್ನೂ ಕಡಿಮೆ. ಹೆಚ್ಚು ಹಾಕಿದರೆ ತೇವ ನಿಂತು ಬೇರಿಗೇ ಕುತ್ತು.

ಹೀಗೆ ಬಳಸಿದರೆ ಒಂದು ಬಕೆಟ್ ಗೊಬ್ಬರ ಹತ್ತಾರು ಕುಂಡಗಳಿಗೆ ಒದಗಿ ಇನ್ನೂ ಮಿಗುತ್ತದೆ. ಮಿಕ್ಕಿದ್ದನ್ನು ಬೀದಿಯ ಮರಕ್ಕೆ ಕೊಡಿ. ಪಾದಚಾರಿ ಮಾರ್ಗದ ಸಿಮೆಂಟು ಬುಡದವರೆಗೂ ಹತ್ತಿಕೊಂಡಿರುವ ಹೊಂಗೆ ಮರಕ್ಕೆ ತನ್ನ ಎಲೆ ತನಗೆ ಸಿಗುವುದಿಲ್ಲ. ಉದುರಿಸಿದ್ದನ್ನೆಲ್ಲ ಊರು ಗುಡಿಸಿ ಒಯ್ಯುತ್ತದೆ. ವರ್ಷವೆಲ್ಲ ನಾವು ಅದರಿಂದ ಒಣ ಎಲೆ ಪಡೆದಿದ್ದೇವೆ, ಒಂದು ಬುಟ್ಟಿ ಗೊಬ್ಬರ ಹಿಂತಿರುಗಿಸುವುದು ನ್ಯಾಯ.

ಕಾಡಿನಲ್ಲಿ ಮರಕ್ಕೆ ಗೊಬ್ಬರ ಹಾಕುವವರಿಲ್ಲ, ಏಕೆಂದರೆ ಅಲ್ಲಿ ಎಲೆ ಬಿದ್ದ ಜಾಗದಲ್ಲೇ ಇರುತ್ತದೆ. ಮನೆಯೊಳಗೆ ಗಿಡ ತಂದಾಗ ನಾವು ಅದನ್ನು ಆ ವ್ಯವಸ್ಥೆಯಿಂದ ಬಿಡಿಸಿ ತಂದಿದ್ದೇವೆ. ನೀರು, ಬೆಳಕು ಕೊಟ್ಟರೆ ಸಾಲದು, ಅದರ ಎಲೆಯನ್ನು ಅದಕ್ಕೆ ಮರಳಿಸುವುದೂ ತಂದವರ ಹೊಣೆ. ಅದಕ್ಕೆ ಅಂಗಳ ಬೇಡ, ಎರಡು ಅಡಿ ಜಾಗ ಸಾಕು. ಈ ವಾರ ಕಿತ್ತ ಹಳದಿ ಎಲೆಗಳನ್ನು ಆಟೊಗೆ ಕೊಡಬೇಡಿ. ಒಂದು ಹಳೆಯ ಡಬ್ಬಕ್ಕೆ ತೂತು ಮಾಡಿ, ಕತ್ತರಿಸಿ ಹಾಕಿ, ಮೇಲೆ ಒಂದು ಹಿಡಿ ಮಣ್ಣು ಮುಚ್ಚಿ. ಉಳಿದ ಪಾಠವನ್ನು ಎಲೆಗಳೇ ಕಲಿಸುತ್ತವೆ.